ಲಾರ್ಡ್ ಸಾಹೇಬರ ಖಾಲಿ ತಟ್ಟೆ

೧೯೯೬ರ ಅಕ್ಟೋಬರ್, ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಮೆರಿಕದ ವಾಷಿಂಗ್ಟನ್ ಹತ್ತಿರದ ಸೆಂಟರ್‌ವಿಲ್‌ನಲ್ಲಿ ನನ್ನ ಮಗಳ ಮನೆ. ಹಾಜರಿದ್ದವರು ನಾನು, ಮಗಳು, ಮತ್ತು ನಾರ್ತ್ ಕೆರೊಲಿನಾದ ಡರ್ಹಮ್‌ನಿಂದ ಹಿಂದಿನ ದಿನವೇ ಬಂದಿದ್ದ ನನ್ನ ತಮ್ಮನ ಮಗಳು. ಅಳಿಯ ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋಗಿದ್ದ. ಬರಬೇಕಾದವರು ಇನ್ನಿಬ್ಬರು: ತಮ್ಮನ ಮಗಳು ಮದುವೆಯಾಗಬೇಕೆಂದಿದ್ದ ಇಂಗ್ಲಿಷ್ ಹುಡುಗ ಮತ್ತು ಅವನ ತಂದೆ.

ತಂದೆ ಲಾರ್ಡ್ ಎಂದು ನಮಗೆ ಹೇಳಿದ್ದರು. ಲಂಡನ್ನಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಮುತ್ತಾತನ ಕಾಲದಿಂದ ಬಂದ ಕುರ್ಚಿ, ಹಿಂದೊಮ್ಮೆ ಮಂತ್ರಿ ಪದವಿ, ಹಳ್ಳಿಯಲ್ಲಿ ದೊಡ್ಡ ಬಂಗಲೆ. ಯಾವುದೋ ಸಭೆಗೆಂದು ವಾಷಿಂಗ್ಟನ್ನಿಗೆ ಬಂದವರು ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ ಎಂದು ಗೊತ್ತಾಗಿತ್ತು.

ಮೈಸೂರಿನಿಂದ ತಮ್ಮ ಫೋನಿನಲ್ಲಿ ಹೇಳಿದ್ದ: "ಅಕ್ಕ, ನೀನು ನೋಡಿ ಸರಿ ಅಂದ್ರೆ ಸರಿ, ಬೇಡ ಅಂದ್ರೆ ಬೇಡ. ಇಲ್ಲಿ ಕೂತ್ಕೊಂಡು ನಾನೇನು ನೋಡ್ಲಿ?" ಸಂಜೆ ಏಳೂವರೆಗೆ, ಅಂದರೆ ಅವನಿಗೆ ಬೆಳಗಿನ ಐದಕ್ಕೆ, ನಾನು ಫೋನ್ ಮಾಡುವುದೆಂದು ಮಾತಾಗಿತ್ತು. ಹುಡುಗಿಗೆ ಇದು ಗೊತ್ತಿತ್ತು. ಅಪ್ಪನನ್ನು ಮೀರಿ ಮದುವೆಯಾಗುವವಳಲ್ಲ ಅವಳು. ಬೆಳಗಿನಿಂದ ಒರೆಸಿದ ಟೀಪಾಯಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ನಿವೃತ್ತಿಯಾಗುವವರೆಗೂ ನಾನು ಒಂದು ವಸತಿ ಶಾಲೆಯ ವಾರ್ಡನ್ ಆಗಿದ್ದೆ. ಗಂಟೆ ಹೊಡೆಸಿ ಮಕ್ಕಳನ್ನು ಎಬ್ಬಿಸಿ, ಗಂಟೆ ಹೊಡೆಸಿ ಮಲಗಿಸಿದವಳು. ಹೊಟ್ಟೆನೋವು ಎಂದ ಮಗುವಿನ ನಾಲಿಗೆಯನ್ನು ನೋಡದೆ ಯಾರಿಗೂ ತರಗತಿ ತಪ್ಪಿಸಲು ಬಿಟ್ಟಿಲ್ಲ. ಲಾರ್ಡ್ ಎಂದ ಮಾತ್ರಕ್ಕೆ ನಂಬುವುದೆಂತು?

ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅದೊಂದು ಒಪ್ಪಿಗೆಯಾಯಿತು. ಉಳಿದದ್ದು ಯಾವುದೂ ಆಗಲಿಲ್ಲ. ಹುಡುಗನ ಕಾರಿನ ಬಾಗಿಲು ನೆಗ್ಗಿಹೋಗಿತ್ತು. ತಂದೆಯ ಅಂಗಿಯ ಕಾಲರು ಸವೆದು ನೂಲು ಕಾಣುತ್ತಿತ್ತು, ಕೋಟಿನ ಮೊಣಕೈಗೆ ಚರ್ಮದ ತೇಪೆ. ಕೈಯಲ್ಲಿ ಮನೆಯಲ್ಲೇ ಮಾಡಿದ ಕಿತ್ತಳೆ ಜಾಮಿನ ಒಂದು ಬಾಟಲಿ.

ನೀರು ತರುವ ನೆವದಲ್ಲಿ ಅಡುಗೆಮನೆಗೆ ಬಂದೆ. ಇಬ್ಬರು ಹುಡುಗಿಯರೂ ಹಿಂದೆಯೇ ಬಂದರು.

"ಹೆಣ್ಣು ನೋಡೋಕ್ಕೆ ಬರೋರು ತೇಪೆ ಹಾಕಿದ ಕೋಟು ಹಾಕ್ಕೊಂಡು ಬರ್ತಾರಾ?"

"ಅತ್ತೆ, ಅವ್ರು ಹಂಗೇನೆ. ಹೊಸ ಬಟ್ಟೆ ಹಾಕಿದ್ರೆ ಶೋ ಆಫ್ ಅಂತಾರಂತೆ."

"ಹಳೇದು ಹಾಕಿದ್ರೆ ನಮ್ಮಲ್ಲಿ ಗತಿಯಿಲ್ಲ ಅಂತಾರೆ. ಅವರ ಹೆಂಡತಿ ಎಲ್ಲಿ?"

"ಅವ್ರು ಬಂದಿಲ್ಲ. ನಾಯಿಗಳ್ನ ನೋಡ್ಕೊಳೋಕ್ಕೆ ಯಾರೂ ಇಲ್ವಂತೆ."

ಮಗನ ಮದುವೆಯ ಮಾತಿಗಿಂತ ನಾಯಿ ಹೆಚ್ಚಾದ ತಾಯಿ! ನನ್ನ ಮುಖ ನೋಡಿ ಮಗಳು ತಗ್ಗಿದ ದನಿಯಲ್ಲಿ, "ಅಮ್ಮ, ಪ್ಲೀಸ್, ಇಂಟರ್‌ವ್ಯೂ ಮಾಡ್ಬೇಡ" ಎಂದಳು.

"ಬರೀ ಮಾತಾಡ್ತೀನಿ."

"ನೀನು ಮಾತಾಡೋದೇ ಇಂಟರ್‌ವ್ಯೂ ಥರ ಇರತ್ತೆ."

ನಮ್ಮ ಕಡೆ ಸಂಬಂಧ ನೋಡುವಾಗ ಕೇಳುವುದನ್ನೇ ನಾನು ಇಂಗ್ಲಿಷಿನಲ್ಲಿ ಕೇಳಿದೆ. ಬಂಗಲೆ ನಿಜವಾಗಿಯೂ ಇತ್ತು. ಆದರೆ ಛಾವಣಿ ಸೋರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಟಿಕೆಟ್ ಇಟ್ಟು ಜನರಿಗೆ ಮನೆ ತೋರಿಸುತ್ತೇವೆ, ನಾವು ಹಿಂಭಾಗದ ನಾಲ್ಕು ಕೋಣೆಗಳಲ್ಲಿ ಇರುತ್ತೇವೆ ಎಂದರು. ತನ್ನ ಮನೆಗೆ ತಾನೇ ಟಿಕೆಟ್ ಹರಿಯುವ ಮಂತ್ರಿಯನ್ನು ನಾನು ಕಂಡಿರಲಿಲ್ಲ.

"ಇವನ ಪಾಲಿಗೆ ಏನು ಬರುತ್ತದೆ?" ಎಂದು ಹುಡುಗನತ್ತ ನೋಡಿದೆ.

"ಏನೂ ಇಲ್ಲ. ಮನೆ, ಜಮೀನು, ಪದವಿ ಎಲ್ಲವೂ ಅವನ ಅಣ್ಣನಿಗೆ."

ನಾನು ಲೋಟ ಕೆಳಗಿಟ್ಟೆ. ನಮ್ಮಲ್ಲಿ ಮಗನಿಗೆ ಪಾಲಿಲ್ಲ ಎಂದರೆ ಮನೆಯಿಂದ ಹೊರಗೆ ಹಾಕಿದ್ದಾರೆ ಎಂದೇ ಅರ್ಥ. ಕುಡಿತವೋ, ಜೂಜೋ, ಇನ್ನೇನೋ. "ಇವನು ಮಾಡಿದ ತಪ್ಪೇನು?" ಎಂದು ನೇರವಾಗಿ ಕೇಳಿಬಿಟ್ಟೆ.

ತಮ್ಮನ ಮಗಳು ಕಣ್ಣು ಮುಚ್ಚಿಕೊಂಡಳು. ಲಾರ್ಡ್ ಸಾಹೇಬರು ನಗಲಿಲ್ಲ. "ಎರಡನೆಯವನಾಗಿ ಹುಟ್ಟಿದ. ಬೇರೆ ತಪ್ಪು ನನಗೆ ತಿಳಿದಂತೆ ಇಲ್ಲ" ಎಂದರು. ಪಾಲು ಮಾಡಿದರೆ ಮನೆ ಉಳಿಯುವುದಿಲ್ಲ, ಅದು ಅವರಲ್ಲಿಯ ಪದ್ಧತಿ ಎಂದೂ ವಿವರಿಸಿದರು. ನನಗೆ ಸಮಾಧಾನವಾಗಲಿಲ್ಲ.

ಒಂದು ಗಂಟೆಗೆ ಊಟ. ಬಿಸಿಬೇಳೆಬಾತ್, ಕೋಸಂಬರಿ, ಮೊಸರನ್ನ. ಇಲ್ಲಿ ನನ್ನ ಕಣ್ಣು ತನ್ನ ಕೆಲಸ ಶುರುಮಾಡಿತು. ಲಾರ್ಡ್ ಸಾಹೇಬರು ಎಡಗೈಯನ್ನು ತಟ್ಟೆಯ ಸುತ್ತ ಬಳಸಿಕೊಂಡು, ತಲೆ ಬಗ್ಗಿಸಿ, ಬೇಗ ಬೇಗ ಉಂಡರು. ಕರಿಬೇವನ್ನು ಬದಿಗೆ ತೆಗೆಯಲಿಲ್ಲ. ಒಗ್ಗರಣೆಯ ಮೆಣಸಿನಕಾಯಿಯನ್ನೂ ಅಗಿದು ನುಂಗಿದರು. ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಕದಲಲಿಲ್ಲ. ಓವನ್ನಿನ ಗಂಟೆ ಹೊಡೆದಾಗ ಚಮಚ ಕೆಳಗಿಟ್ಟು ನೆಟ್ಟಗೆ ಕುಳಿತರು. ತಟ್ಟೆ ತೊಳೆದಿಟ್ಟಂತಿತ್ತು.

ಇಂಥ ತಟ್ಟೆಗಳನ್ನು ನಾನು ಸಾವಿರಾರು ನೋಡಿದ್ದೇನೆ.

"ನಿಮ್ಮನ್ನು ಹಾಸ್ಟೆಲಿಗೆ ಹಾಕಿದಾಗ ವಯಸ್ಸೆಷ್ಟು?"

ಅವರು ತಲೆಯೆತ್ತಿ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಏಳು. ನನ್ನ ತಂದೆಗೂ ಏಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಏಳು."

ಲಾರ್ಡ್ ಹೌದೋ ಅಲ್ಲವೋ ಎಂಬ ಅನುಮಾನ ಹೋಗಿ ಅದಕ್ಕಿಂತ ದೊಡ್ಡದೊಂದು ಬಂದು ಕುಳಿತಿತು. ಏಳು ವರ್ಷದ ಮಗು ಮೊದಲ ವಾರ ಗೋಡೆಯ ಕಡೆ ತಿರುಗಿ ಹೇಗೆ ಮಲಗುತ್ತದೆ ಎಂದು ನನಗೆ ಗೊತ್ತು. ನಾಳೆ ಈ ಹುಡುಗಿಯ ಮಗುವನ್ನೂ ಪದ್ಧತಿ ಎಂದು ಕಳಿಸಿಬಿಟ್ಟರೆ?

ಹುಡುಗನ ತಟ್ಟೆ ನೋಡಿದೆ. ಅಂಚಿನಲ್ಲಿ ಕರಿಬೇವಿನ ಸಣ್ಣ ಗುಡ್ಡೆ.

"ನೀನು?"

"ನನ್ನನ್ನೂ ಹಾಕಿದರು. ಎರಡನೆಯ ತಿಂಗಳೇ ಅಮ್ಮ ಹಳೆಯ ಜೀಪಿನಲ್ಲಿ ನಾಯಿಗಳ ಸಮೇತ ಬಂದಳು. ಹೆಡ್‌ಮಾಸ್ಟರರನ್ನು ಕೇಳದೆ ನನ್ನನ್ನು ಹತ್ತಿಸಿಕೊಂಡು ಹೋದಳು."

"ನನ್ನನ್ನೂ ಕೇಳಲಿಲ್ಲ," ಎಂದರು ತಂದೆ. "ಆ ವರ್ಷ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು."

ನನ್ನ ಹಾಸ್ಟೆಲಿನ ಗೇಟಿಗೆ ಹಾಗೆ ಬಂದ ತಾಯಿ ಒಬ್ಬಳೂ ಇರಲಿಲ್ಲ. ನಾನು ಎದ್ದು ಲಾರ್ಡ್ ಸಾಹೇಬರಿಗೆ ಮೊಸರನ್ನ ಬಡಿಸಿ, "ಕರಿಬೇವು ಬಿಡಬಹುದು" ಎಂದೆ. ಅವರು ಒಂದೆಸಳನ್ನು ತೆಗೆದು ಬದಿಗಿಟ್ಟರು.

ಅವರು ಹೊರಟಮೇಲೆ ಹುಡುಗಿ ನನ್ನ ಹಿಂದೆ ಹಿಂದೆ ತಿರುಗಿದಳು. ಏಳೂವರೆಗೆ ತಮ್ಮನಿಗೆ ಫೋನ್ ಮಾಡಿದೆ. ಅವಳು ಪಕ್ಕದಲ್ಲೇ ನಿಂತಿದ್ದಳು.

"ಹೇಳಕ್ಕ, ಹೆಂಗೆ?"

"ಆಸ್ತಿ ಏನೂ ಬರಲ್ಲ. ಅಪ್ಪನ ವಿಷಯ ಇನ್ನೂ ಸ್ವಲ್ಪ ನೋಡ್ಬೇಕು. ಹುಡುಗ ಪರವಾಗಿಲ್ಲ. ತಾಯಿ ಗಟ್ಟಿ."

"ತಾಯಿ ಬಂದಿದ್ರಾ?"

"ಇಲ್ಲ. ಆದ್ರೂ ನೋಡಿದ ಹಾಗೇ ಆಯ್ತು. ನನ್ನ ಕಡೆಯಿಂದ 'ಸರಿ' ಅಂತ ಇಟ್ಕೋ."

ಹುಡುಗಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು "ಅಪ್ಪಾ" ಎಂದಳು. ಅವರಿಬ್ಬರನ್ನೂ ಬಿಟ್ಟು ನಾನು ಅಡುಗೆಮನೆಗೆ ಹೋದೆ. ರುಬ್ಬಿದ ಇಡ್ಲಿ ಹಿಟ್ಟು ಇನ್ನೂ ಹೊರಗೇ ಇತ್ತು. ಪಾತ್ರೆಯನ್ನು ಓವನ್ನಿನೊಳಗಿಟ್ಟು, ಹಿಟ್ಟು ಉಬ್ಬಲೆಂದು ಒಳಗಿನ ದೀಪ ಹಾಕಿ, ಬಾಗಿಲು ಮುಚ್ಚಿದೆ.