ಗೊರೂರಿನ ಗೇಟಿಗೆ ಬಂದ ಯುದ್ಧನೌಕೆ

ಬಿರುಗಾಳಿಯ ಕಡಲಿನಲ್ಲಿ ಹೊಯ್ದಾಡುವ ಯುದ್ಧದ ಹಡಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವವನು ಹಾಸನದಲ್ಲಿ ನಾನೊಬ್ಬನೇ. ಆರು ತಿಂಗಳು ಹಡಗಿನಲ್ಲಿದ್ದು ಅಲೆ ಬಿಡಿಸುವುದನ್ನು ಕಲಿತೆ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ನಿಜವೆಂದರೆ ನಾನು ಕಡಲನ್ನೇ ನೋಡಿಲ್ಲ. ಗೊರೂರು ಅಣೆಕಟ್ಟೆಯ ಗೇಟು ತೆಗೆದಾಗ ಧುಮುಕುವ ನೀರಿನ ಫೋಟೊ ಹೊಡೆದು, ಅದರ ಮಣ್ಣಿನ ಕೆಂಪು ತೆಗೆದು ನೀಲಿ ತುಂಬುತ್ತೇನೆ.

ಅರಕಲಗೂಡಿನಿಂದ ನೌಕಾಪಡೆಯ ನಿವೃತ್ತ ಹಿರಿಯರೊಬ್ಬರು ಬಂದರು. ಇವರು ಯುದ್ಧಕ್ಕೇ ಹೋಗಿಲ್ಲ ಎಂದು ಇವರ ಮದುವೆಯಾದಾಗಿನಿಂದ ಬಾಮೈದ ಆಡಿಕೊಳ್ಳುತ್ತಿದ್ದನಂತೆ. ಅವನ ಬಾಯಿ ಮುಚ್ಚಿಸಲು ತಮ್ಮ ಹಡಗಿನ ಚಿತ್ರ ಬೇಕಿತ್ತು.

ಚಿತ್ರ ಮುಗಿದ ದಿನ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರದಿಂದ ನೋಡಿದರು.

“ಅಲ್ಲ ಕಣಯ್ಯಾ, ಇದು ಗೊರೂರು ಗೇಟಿನ ನೀರು! ವರ್ಷಾ ವರ್ಷಾ ಎಂಡ್ತಿ ಮಕ್ಕಳ ಕರ್ಕಂಡು ನೋಡಾಕೆ ಓಯ್ತೀನಿ, ನಂಗೊತ್ತಾಗಕಿಲ್ವಾ?”

“ಅಳಿಸಿ ಬೇರೆ ಮಾಡ್ಕೊಡ್ತೀನಿ ಸಾ,” ಎಂದೆ.

“ಇರ್ಲಿ ಬುಡು. ಯುದ್ಧ ಮುಗಿಯೋಗಂಟ ನಾನು ಕೆಳಗೆ ಇಂಜಿನ್ ರೂಮಲ್ಲಿದ್ದೆ, ಅಲೆ ಎಂಗಿತ್ತೋ ಯಾವನು ಕಂಡ? ಆದ್ರೆ ಬಾಮೈದನೂ ಗೊರೂರು ನೋಡವ್ನೆ ಕಣಯ್ಯಾ. ಚಿತ್ರ ತೋರ್ಸಾಕೆ ನೀನೂ ಅವ್ನ ತಾವಕ್ಕೆ ಜೊತೆಗೆ ಬಾ.”

ಹೋದೆ. ಬಾಮೈದ ಬಾಯಿ ತೆರೆಯುವ ಮೊದಲೇ, ಆ ಯುದ್ಧದಲ್ಲಿ ನಾನೂ ಇವರ ಜೊತೆಗಿದ್ದೆ ಎಂದು ಸಾಕ್ಷಿ ಹೇಳಿದೆ. ಯುದ್ಧ ಮಾಡಿ ಬಂದವರನ್ನು ಇಷ್ಟು ವರ್ಷ ನಂಬದವನು ನನ್ನನ್ನು ಒಂದೇ ಮಾತಿಗೆ ನಂಬಿ, ಕಾಫಿಯನ್ನೂ ಕೊಡಿಸಿದ.

ಆ ಯುದ್ಧ ನಡೆದಾಗ ನಾನಿನ್ನೂ ಹುಟ್ಟೇ ಇರಲಿಲ್ಲ.