ಐದು ಗಂಟೆ ಎಂದು ಹೇಳಿಕಳಿಸಿದವರು

ಚಿಲಿ ದೇಶದ ದಕ್ಷಿಣಕ್ಕಿರುವ ನಮ್ಮ ಚಿಲೋಯೆಯ ಹೊರದ್ವೀಪಗಳಿಗೆ ರೇಡಿಯೋದಲ್ಲಿ ಮಾತನಾಡಿದವರು ಅನೇಕರಿದ್ದಾರೆ. ಹಾಡು ಹಾಕಿದವರು, ಸುದ್ದಿ ಓದಿದವರು, ಚುನಾವಣೆಯ ಕಾಲದಲ್ಲಿ ಮಾತ್ರ ಬಂದು ಹೋದವರು. ಆದರೆ ಮಧ್ಯಾಹ್ನದ ಸಂದೇಶಗಳನ್ನು ಓದುವ ಕೆಲಸವನ್ನು ವ್ರತದಂತೆ ಹಿಡಿದು, ಅಚಾವೊ ಪಟ್ಟಣದ ಆ ಸಣ್ಣ ಕೋಣೆಯಲ್ಲೇ ಕೂದಲು ನೆರೆಸಿಕೊಂಡ ಶ್ರೀಮತಿ ಒತೀಲಿಯಾ ಮಾನ್ಸೀಯಾ ಅವರಂಥ ಇನ್ನೊಬ್ಬರನ್ನು ನಾನು ಕಾಣೆ. ಯಾರ ದೋಣಿ ಯಾವಾಗ ಬರುತ್ತದೆ, ಆಸ್ಪತ್ರೆಯಿಂದ ಯಾರನ್ನು ಬಿಟ್ಟರು, ಹಂದಿ ಕೊಯ್ಯುವ ದಿನಕ್ಕೆ ಯಾರು ಯಾರನ್ನು ಕರೆದರು, ಎಲ್ಲವೂ ಅವರ ಬಾಯಿಂದಲೇ ನಮಗೆ ತಿಳಿಯಬೇಕಿತ್ತು. ಟೆಲಿವಿಷನ್ನಿನಲ್ಲಿ ಯಾವ ಹೊತ್ತಿಗೆ ಏನು ಬರುತ್ತದೆ ಎಂಬುದೂ ಅವರಿಂದಲೇ. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಗ್ರಂಥದ ಸಮಿತಿಯವರು ನನ್ನಿಂದಲೂ ನಾಲ್ಕು ಮಾತು ಕೇಳಿದ್ದಾರೆ. ನಾನು ಎಲೀಸೆಯೋ ನಾವೆಲ್ಕೀನ್, ಕೆತ್ರಾನ್ ದ್ವೀಪದ ಜನರೇಟರನ್ನು ನೋಡಿಕೊಳ್ಳುತ್ತಿದ್ದವನು. ಅವರು ಹೇಳಿದ ಹೊತ್ತಿಗೆ ಮೋಟಾರು ಹಚ್ಚಿ, ಅವರು ಹೇಳಿದ ಹೊತ್ತಿಗೆ ಆರಿಸುತ್ತಿದ್ದೆ. ಹೀಗಾಗಿ ಒಂದು ಬಗೆಯಲ್ಲಿ ನಾವು ಸಹೋದ್ಯೋಗಿಗಳೇ.

ಅವರು ಕೆಲಸಕ್ಕೆ ಸೇರಿದಾಗ ನನಗೆ ಇನ್ನೂ ಮದುವೆಯಾಗಿರಲಿಲ್ಲ. ಮೊದಲಿನಿಂದಲೂ ಅವರದೊಂದು ಕ್ರಮವಿತ್ತು. ಸಾವಿನ ಸಂದೇಶವನ್ನು ಅವರು ನೇರವಾಗಿ ಓದುತ್ತಿರಲಿಲ್ಲ. ಮೊದಲು ನೆರೆಮನೆಯವರ ಹೆಸರು ಹಿಡಿದು, "ನೀವು ಸ್ವಲ್ಪ ಇಂಥವರ ಮನೆಗೆ ಹೋಗಿ ಕೂತ್ಕೊಳ್ಳಿ" ಎಂದು ಹೇಳಿ, ಎರಡು ಹಾಡು ಹಾಕಿ, ಆಮೇಲೆ ಓದುತ್ತಿದ್ದರು. ಕೆಟ್ಟ ಸುದ್ದಿಯನ್ನು ಯಾರೂ ಒಂಟಿಯಾಗಿ ಕೇಳಬಾರದು ಎಂಬುದು ಅವರ ಲೆಕ್ಕ. ನನ್ನ ಅಣ್ಣ ದಕ್ಷಿಣದಲ್ಲಿ ಸಮುದ್ರಪಾಲಾದಾಗ, ರೇಡಿಯೋದಲ್ಲಿ ಅವನ ಹೆಸರು ಬರುವ ಮೊದಲೇ ಪಕ್ಕದ ಮನೆಯವರು ನನ್ನ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದೊಡನೆ ನನಗೆ ತಿಳಿಯಿತು. ಅದಕ್ಕಾಗಿ ನಾನು ಈ ತನಕ ಒತೀಲಿಯಾ ಅವರಿಗೆ ಬಾಯಿಬಿಟ್ಟು ಕೃತಜ್ಞತೆ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಟೆಲಿವಿಷನ್ ಪಟ್ಟಿಯ ಕತೆ ಬೇರೆ. ನಮಗೆ ಪುರಸಭೆಯವರು ಕೊಡುತ್ತಿದ್ದ ಡೀಸೆಲ್ಲಿಗೆ ಮೋಟಾರು ದಿನಕ್ಕೆ ಕೆಲವೇ ಗಂಟೆ ನಡೆಯುತ್ತಿತ್ತು. ಆ ಗಂಟೆಗಳನ್ನು ಯಾವಾಗ ಖರ್ಚು ಮಾಡಬೇಕೆಂಬುದು ನನ್ನ ಕೈಯಲ್ಲಿತ್ತು. ನನ್ನ ಕೈ ಎನ್ನುವುದಕ್ಕಿಂತ ಪಟ್ಟಿಯ ಕೈಯಲ್ಲಿತ್ತು ಎನ್ನಬೇಕು. ಧಾರಾವಾಹಿ ಎಂಟಕ್ಕೆಂದು ಹಚ್ಚಿ, ಅದು ಒಂಬತ್ತಕ್ಕೆ ಶುರುವಾದರೆ ಒಂದು ಗಂಟೆಯ ಎಣ್ಣೆ ಹೊಗೆಯಾಗಿ ಹೋಯಿತು. ಹೆಂಗಸರ ಬೈಗುಳ ಮಾತ್ರ ನನ್ನ ಪಾಲಿಗೆ ಉಳಿಯಿತು. ಮೊದಲು ಒತೀಲಿಯಾ ಅವರು ಪತ್ರಿಕೆ ನೋಡಿ ಓದುತ್ತಿದ್ದರು. ಪತ್ರಿಕೆ ಬರುವ ಹಡಗು ಗಾಳಿಗೆ ತಡೆದರೆ ನಿನ್ನೆಯ ಪಟ್ಟಿಯೇ ಇವತ್ತಿಗೂ. ಆಮೇಲೆ ರೇಡಿಯೋಗೆ ಇಂಟರ್ನೆಟ್ ಬಂತು. ರಾಜಧಾನಿ ಸಾಂತ್ಯಾಗೋದ ಒಂದು ಕಂಪನಿ ಎಲ್ಲ ಚಾನೆಲ್ಲುಗಳ ಪಟ್ಟಿಯನ್ನು ಒಂದೇ ಪುಟದಲ್ಲಿ ಹಾಕುತ್ತಿತ್ತು, ಪ್ರತಿ ಸಿನಿಮಾಕ್ಕೂ ಎರಡು ಸಾಲು ವಿವರಣೆ ಸಮೇತ. ಅವರು ಅದನ್ನು ನೋಡಿ ಓದತೊಡಗಿದರು. ಆ ಪುಟವೂ ಪೂರ್ತಿ ನಂಬುವಂಥದ್ದಾಗಿರಲಿಲ್ಲ. ಬೇಸಿಗೆಗೆ, ಚಳಿಗಾಲಕ್ಕೆ ಎಂದು ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಿಂದೆ ಮಾಡಿದ ವಾರ ಪುಟಕ್ಕೆ ಅದು ತಿಳಿದಿರುತ್ತಿರಲಿಲ್ಲ. ಒಂದು ಚಾನೆಲ್ ಇನ್ನೊಂದರ ಮೇಲಿನ ಪೈಪೋಟಿಗೆ ಹೊತ್ತು ಬದಲಿಸಿದರೆ ಅದೂ ತಿಳಿದಿರುತ್ತಿರಲಿಲ್ಲ. ಆದರೂ ಹಳೆಯ ಪತ್ರಿಕೆಗಿಂತ ವಾಸಿ ಎಂದು ಎಲ್ಲರೂ ಹೊಂದಿಕೊಂಡಿದ್ದೆವು.

ಹೀಗಿರುವಾಗ, ತಮ್ಮ ಪುಟವನ್ನು ಕೇಳದೆ ಓದುತ್ತಿದ್ದೀರಿ ಎಂದು ಆ ಕಂಪನಿಯ ವಕೀಲರಿಂದ ರೇಡಿಯೋಗೆ ಕಾಗದ ಬಂತು. ಅದು ಬಂದ ವಾರ ನಾನು ಡೀಸೆಲ್ ಕೇಳಲು ಅಚಾವೊಗೆ ಹೋಗಿದ್ದೆ. ಪುರಸಭೆಯವರು ತಿಂಗಳ ಕೊನೆಗೆ ಬಾ ಎಂದರು. ದೋಣಿ ಹೊರಡುವ ತನಕ ಬೆಚ್ಚಗೆ ಕೂರೋಣವೆಂದು ರೇಡಿಯೋದವರ ಒಲೆಯ ಪಕ್ಕಕ್ಕೆ ಹೋದೆ. ನನಗೆ ಅಲ್ಲಿ ಬೇರೆಯೂ ಒಂದು ಕೆಲಸವಿತ್ತು. ನಮ್ಮ ದ್ವೀಪದ ಉಬಾಲ್ದಿನಾ ಎಂಬ ವಿಧವೆಯ ಮಗ ಆರ್ತೇಮಿಯೋ ಅಕಾರ್ಡಿಯನ್ ಬಾರಿಸುತ್ತಾನೆ. ಸಾಂತ್ಯಾಗೋದಲ್ಲಿದ್ದ ಅವನನ್ನು ಟೆಲಿವಿಷನ್ನಿನ ಸ್ಪರ್ಧೆಗೆ ಆರಿಸಿದ್ದರು. ಭಾನುವಾರ ಮಧ್ಯಾಹ್ನದ ಮೇಲೆ, ನೇರ ಪ್ರಸಾರ. ಹೊತ್ತು ಅವನಿಗೂ ಗೊತ್ತಿರಲಿಲ್ಲ. ತಾಯಿ ಅವನನ್ನು ನೋಡದೆ ಮೂರನೆಯ ಚಳಿಗಾಲ ಕಳೆಯುತ್ತಿತ್ತು. ನನ್ನ ಪೀಪಾಯಿಯ ತಳದಲ್ಲಿದ್ದ ಎಣ್ಣೆ ಒಂದು ಗಂಟೆಗೆ ಸಾಲಬಹುದಿತ್ತು, ಅಷ್ಟೆ. ಯಾವ ಗಂಟೆ ಎಂದು ಒತೀಲಿಯಾ ಅವರನ್ನು ಕೇಳಬೇಕಿತ್ತು.

ಒಳಗೆ ಅವರಿಗೂ ರೇಡಿಯೋದ ಯಜಮಾನರಾದ ದೋನ್ ರೆನಾತೋ ಅವರಿಗೂ ಮಾತು ನಡೆದಿತ್ತು.

"ಸಹಿ ಹಾಕ್ಬಿಡಿ ಒತೀಲಿಯಾ. ಒಂದು ಕಾಗದ ತಾನೆ. ಸಹಿ ಹಾಕಿದ್ರೆ ಹಳೇದನ್ನ ಮರೀತಾರಂತೆ, ಮುಂದಕ್ಕೆ ಓದೋಕೆ ಪರವಾನಗಿನೂ ಕೊಡ್ತಾರಂತೆ."

"ಏನಂತ ಬರೆದಿದ್ದಾರೆ ನೋಡಿದ್ರಾ? ಕದ್ದೆ ಅಂತ ಒಪ್ಕೋಬೇಕಂತೆ."

"ಕದ್ದೆ ಅಂತ ಎಲ್ಲಿದೆ? ತಿಳಿದೂ ತಿಳಿದೂ ಅನುಮತಿಯಿಲ್ಲದೆ ತಗೊಂಡೆ ಅಂತಿದೆ."

"ಅದಕ್ಕೆ ನಿಮ್ಮನೇಲಿ ಇನ್ನೇನಂತಾರೆ, ದೋನ್ ರೆನಾತೋ?"

ಒತೀಲಿಯಾ ಅವರಾಗಲೇ ಕಾಸ್ತ್ರೋ ಪಟ್ಟಣದ ವಕೀಲರೊಬ್ಬರನ್ನು ಕೇಳಿ ಬಂದಿದ್ದರು. ವಕೀಲರು ಹೇಳಿದ್ದನ್ನು ಅವರು ನನಗೂ ಕೇಳುವಂತೆ ಹೇಳಿದರು. ಕಾರ್ಯಕ್ರಮದ ಹೆಸರು, ಅದು ಬರುವ ಗಂಟೆ, ಇವು ನಡೆಯುವ ಸಂಗತಿಗಳು; ಇಂದು ಅಮಾವಾಸ್ಯೆ ಎಂದ ಹಾಗೆ, ಅದಕ್ಕೆ ಒಡೆಯರಿಲ್ಲ. ಎರಡು ಸಾಲಿನ ವಿವರಣೆ ಹಾಗಲ್ಲ, ಯಾರೋ ಕೂತು ಬರೆದದ್ದು, ಅದು ಬರೆಸಿದವರ ಸೊತ್ತು. ಇನ್ನು ಇಡೀ ಪಟ್ಟಿಯನ್ನು ದಿನವೂ ಅವರ ಪುಟದಿಂದಲೇ ಎತ್ತಿಕೊಳ್ಳುವುದು, ಪುಟದ ಬುಡದಲ್ಲಿ ಮನೆಯೊಳಗಿನ ಉಪಯೋಗಕ್ಕೆ ಮಾತ್ರ ಎಂದು ಬರೆದಿರುವಾಗ ಅದನ್ನು ಊರಿಗೆಲ್ಲ ಓದುವುದು, ಇವೆರಡೂ ತಕರಾರಿನ ಸಂಗತಿ. ಕೋರ್ಟಿಗೆ ಹೋದರೆ ಗೆಲ್ಲಲೂಬಹುದು, ಗೆಲ್ಲುವ ಹೊತ್ತಿಗೆ ರೇಡಿಯೋ ಇರುವುದಿಲ್ಲ.

"ಅವರ ವಾಕ್ಯ ಓದಿದ್ದು ನಿಜ" ಎಂದರು ಒತೀಲಿಯಾ. "ಅದು ತಪ್ಪು. ಅಷ್ಟನ್ನ ನಾನೇ ಕೈಯಾರೆ ಬರೆದು ಕ್ಷಮೆ ಕೇಳ್ತೀನಿ, ಇನ್ನು ಓದೋದಿಲ್ಲ. ಗಂಟೆ ಕದ್ದೆ ಅಂತ ಮಾತ್ರ ಬರ್ಕೊಡೋದಿಲ್ಲ."

"ಹಂಗಾದ್ರೆ ಪಟ್ಟಿ ಅನ್ನೋ ಮಾತೇ ನನ್ನ ರೇಡಿಯೋದಲ್ಲಿ ಬರ್ಬಾರ್ದು" ಎಂದು ದೋನ್ ರೆನಾತೋ ಟೋಪಿ ತೆಗೆದುಕೊಂಡು ಹೊರಟರು. ಅವರನ್ನು ನಾನು ಬೈಯಲಾರೆ. ರೇಡಿಯೋ ಮುಚ್ಚಿದರೆ ಸಂದೇಶವೂ ಮುಚ್ಚುತ್ತಿತ್ತು.

ನಾನು ಆರ್ತೇಮಿಯೋನ ವಿಷಯ ಹೇಳಿದೆ. ಒತೀಲಿಯಾ ಅವರು ಪುಟ ತೆರೆದು ನೋಡಿ ನನ್ನ ಕಿವಿಯಲ್ಲಿ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಫೋನು ಎತ್ತಿಕೊಂಡು ಸಾಂತ್ಯಾಗೋಗೆ, ಆ ಚಾನೆಲ್ಲಿಗೇ ಕರೆ ಮಾಡಿದರು. ಅಲ್ಲಿ ಕರೆ ತೆಗೆದುಕೊಳ್ಳುವ ಹೆಂಗಸಿನ ದನಿ ಒಲೆಯ ತನಕ ಕೇಳುತ್ತಿತ್ತು.

"ಯಾವ ಪತ್ರಿಕೆ ನಿಮ್ದು?"

"ಪತ್ರಿಕೆ ಅಲ್ಲಮ್ಮ, ದ್ವೀಪ."

"ದ್ವೀಪಾನಾ? ದ್ವೀಪಕ್ಕೆ ಯಾವ ವಿಭಾಗ ಕೊಡ್ಬೇಕೋ ನಂಗೊತ್ತಿಲ್ಲ."

"ಯಾವ ವಿಭಾಗಾನೂ ಬೇಡ ತಾಯಿ. ಅಕಾರ್ಡಿಯನ್ ಹಿಡ್ಕೊಂಡು ಒಬ್ಬ ಹುಡುಗ ಅಲ್ಲೆಲ್ಲೋ ಅಭ್ಯಾಸ ಮಾಡ್ತಾ ಇರ್ತಾನೆ. ಅವನ ಅಮ್ಮನ ಊರಿಂದ ಅಂತ ಹೇಳಿ ಕರೀರಿ."

ಆ ಹೆಂಗಸಿನ ಹೆಸರು ಯೋಲಾಂದಾ. ಅವಳು ಹುಡುಕಿಸಿದಳು. ನಾವು ಕಾದೆವು, ಫೋನಿನಲ್ಲಿ ಒಂದೇ ರಾಗ ತಿರುಗಿ ತಿರುಗಿ ಬರುತ್ತಿತ್ತು. ಕೊನೆಗೆ ಆರ್ತೇಮಿಯೋ ಬಂದ. ಹೊತ್ತು ಅವನೂ ಅಲ್ಲಿಯೇ ಯೋಲಾಂದಾಳನ್ನು ಕೇಳಿ ಹೇಳಿದ. ಅವತ್ತಿನ ಮಧ್ಯಾಹ್ನ ಒತೀಲಿಯಾ ಅವರು ಉಳಿದ ಸಂದೇಶಗಳ ನಡುವೆ, ಅದೇ ದನಿಯಲ್ಲಿ ಓದಿದರು: "ಕೆತ್ರಾನ್ ದ್ವೀಪದ ಉಬಾಲ್ದಿನಾ ಅವರಿಗೆ, ಸಾಂತ್ಯಾಗೋದಿಂದ ನಿಮ್ಮ ಮಗ ಆರ್ತೇಮಿಯೋ. ಅಮ್ಮಾ, ಭಾನುವಾರ ಐದು ಗಂಟೆಗೆ ಟೀವಿಯಲ್ಲಿ ನಾನು ಬರ್ತೀನಿ. ಮೋಟಾರು ಹಚ್ಚೋಕೆ ಹೇಳು."

ದೋನ್ ರೆನಾತೋ ವಾಪಸು ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಗ ತಾಯಿಗೆ ಹೇಳಿಕಳಿಸಿದ ಮಾತು. ಅದರ ಒಡೆಯರು ಯಾರೆಂದು ಯಾವ ಕಂಪನಿಯೂ ಕೇಳುವಂತಿರಲಿಲ್ಲ. ಅವರು ಒಳಗೆ ಬಂದು ಒಲೆಗೆ ಒಂದು ಕೊರಡು ಹಾಕಿದರು.

ನಾನು ದ್ವೀಪಕ್ಕೆ ಮರಳಿದರೆ ಅಲ್ಲಿ ಬೇರೆ ಗದ್ದಲ. ಅಂಗಡಿಯ ಸೆಗುಂದೋನ ಸೊಸೆ ಅಚಾವೊದಲ್ಲಿ ಆ ಪುಟವನ್ನು ನೋಡಿದ್ದಳು. ಪುಟದಲ್ಲಿ ನಾಲ್ಕು ಗಂಟೆ ಎಂದಿತ್ತಂತೆ. ಭಾನುವಾರ ಊಟವಾದದ್ದೇ ಜನ ಶಾಲೆಯಲ್ಲಿ ಸೇರಿದರು, ಅಲ್ಲಿ ದೊಡ್ಡ ಟೀವಿ ಇತ್ತು. ಉಬಾಲ್ದಿನಾ ಇಗರ್ಜಿಗೆ ಹಾಕುವ ಕೋಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದಳು.

"ನಾಲ್ಕಾಯ್ತು, ಹಚ್ಚಪ್ಪಾ" ಎಂದ ಸೆಗುಂದೋ.

"ಐದು ಅಂದಿದ್ದಾನೆ."

"ಯಾರು?"

"ಆರ್ತೇಮಿಯೋನೇ."

"ಅವನಿಗೇನ್ ಗೊತ್ತು ಮಾರಾಯ? ಅವನು ಬಾರಿಸೋನು. ಇದು ಇಂಟರ್ನೆಟ್ಟಲ್ಲಿ ಬರೆದಿರೋದು."

ನಾಲ್ಕೈದು ಜನ ಅವನ ಕಡೆಗೇ ಮಾತಾಡಿದರು. ಹಚ್ಚಿ ತಪ್ಪಿದರೆ ಎಣ್ಣೆ ಹೋಯಿತು. ಹಚ್ಚದೆ ತಪ್ಪಿದರೆ ಆ ತಾಯಿಗೆ ಇನ್ನೆಂದೂ ಸಿಗದ ಗಳಿಗೆ ಹೋಯಿತು. ನಾನು ಉಬಾಲ್ದಿನಾಳ ಮುಖ ನೋಡಿದೆ.

"ಐದು ಅಂದ್ರೆ ಐದೇ ಬಿಡಿ" ಎಂದಳು ಅವಳು. "ಹುಟ್ಟೋವಾಗ್ಲೂ ಎಲ್ಲರೂ ಹೇಳಿದ್ದಕ್ಕಿಂತ ತಡವಾಗೇ ಬಂದ."

ಐದಕ್ಕೆ ಹಚ್ಚಿದೆ. ಪರದೆಯ ಮೇಲೆ ಫುಟ್‌ಬಾಲ್ ಇನ್ನೂ ಮುಗಿದಿರಲಿಲ್ಲ. ಸಮಸಮವಾಗಿ, ಹೆಚ್ಚುವರಿ ಸಮಯ ಕೊಟ್ಟಿದ್ದರು. ಚಾನೆಲ್ಲಿನವರಿಗೇ ತಿಳಿಯದ್ದನ್ನು ಯೋಲಾಂದಾ ಹೇಗೆ ಹೇಳಿಯಾಳು. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಗಂಡಸರು ಅವತ್ತು ಒಬ್ಬನೂ ಅದನ್ನು ನೋಡಲಿಲ್ಲ, ಮೋಟಾರಿನ ಸದ್ದನ್ನೇ ಕೇಳುತ್ತಿದ್ದರು. ಮೋಟಾರಿನ ಮೇಲಿನ ಹೊರೆ ಕಡಿಮೆಯಾದರೆ ಎಣ್ಣೆ ತುಸು ಹೆಚ್ಚು ಬಾಳುತ್ತದೆ ಎಂದು ನಾನೆಂದೆ. ಒಬ್ಬೊಬ್ಬರೇ ಎದ್ದು ತಮ್ಮ ಮನೆಗೆ ಹೋಗಿ ದೀಪ, ಫ್ರಿಜ್ಜು ಎಲ್ಲ ಆರಿಸಿ ಬಂದರು. ಸೆಗುಂದೋನ ಅಂಗಡಿಯ ಫ್ರೀಜರಿನಲ್ಲಿ ಮಾಂಸವಿತ್ತು. ಅವನು ಅದನ್ನೂ ಆರಿಸಿ ಬಂದು, "ಸೋತು ಬರ್ಲಿ ಅವನು, ಮಾಂಸದ ದುಡ್ಡು ಅವನ ಹತ್ರಾನೇ ಇಸ್ಕೋತೀನಿ" ಎಂದು ಗೊಣಗಿ ಕೂತ. ದ್ವೀಪದಲ್ಲೆಲ್ಲ ಆ ಒಂದು ಟೀವಿ ಮಾತ್ರ ಬೆಳಗುತ್ತಿತ್ತು.

ಆಟ ಮುಗಿಯಿತು. ಜಾಹೀರಾತು ಬಂತು. ಮತ್ತೆ ಜಾಹೀರಾತು. ಆಮೇಲೆ ಆರ್ತೇಮಿಯೋ ಬಂದು ಕುರ್ಚಿಯ ಅಂಚಿನಲ್ಲಿ ಕೂತು ಬಾರಿಸಿದ. ಒಂದು ಹಾಡು ಪೂರ್ತಿಯಾಯಿತು, ಜನ ಚಪ್ಪಾಳೆ ತಟ್ಟಿದರು, ತೀರ್ಪುಗಾರರು ಮಾತಿಗೆ ಬಾಯಿ ತೆರೆಯುವಾಗ ಮೋಟಾರು ಕೆಮ್ಮಿ ನಿಂತಿತು. ಕತ್ತಲಲ್ಲಿ ಯಾರೂ ಏಳಲಿಲ್ಲ.

"ಸೊರಗಿದ್ದಾನೆ" ಎಂದಳು ಉಬಾಲ್ದಿನಾ. "ಅಂಗಿ ಅವನದಲ್ಲ, ಯಾರದ್ದೋ."

ಮಾರನೆಯ ಮಧ್ಯಾಹ್ನ ಬ್ಯಾಟರಿ ರೇಡಿಯೋದ ಸುತ್ತ ನಾವೆಲ್ಲ ಇದ್ದೆವು. ಒತೀಲಿಯಾ ಅವರು ಓದಿದರು: "ಉಬಾಲ್ದಿನಾ ಅವರಿಗೆ, ಮಗ ಆರ್ತೇಮಿಯೋ. ಅಮ್ಮಾ, ಗೆಲ್ಲಲಿಲ್ಲ. ಗುರುವಾರದ ದೋಣಿಗೆ ಬರ್ತೀನಿ."

"ಸದ್ಯ" ಎಂದಳು ಅವಳು. "ಗೆದ್ದಿದ್ರೆ ಎಲ್ಲಿ ಬರ್ತಿದ್ದ."

ಆ ಮೇಲೆ ಪಟ್ಟಿ ಎಂಬ ಮಾತು ನಮ್ಮ ರೇಡಿಯೋದಲ್ಲಿ ಬರಲೇ ಇಲ್ಲ. ಒತೀಲಿಯಾ ಅವರು ದಿನಾ ಬೆಳಿಗ್ಗೆ ಒಂದೊಂದು ಚಾನೆಲ್ಲಿಗೂ ಕರೆ ಮಾಡಿ, ಆ ಕಡೆಯವರ ಹೆಸರಿನಲ್ಲೇ, ಅವರ ಒಪ್ಪಿಗೆಯಿಂದಲೇ ಓದತೊಡಗಿದರು: ದ್ವೀಪಗಳ ಮೋಟಾರಿನವರಿಗೆ ಯೋಲಾಂದಾ ಅವರ ಸಂದೇಶ, ಸಿನಿಮಾ ಇವತ್ತು ಎಂಟಕ್ಕೆ. ಕೆಲವು ಚಾನೆಲ್ಲಿನವರು ಒಳ್ಳೆಯ ಮಾತಾಡುತ್ತಿದ್ದರು. ಕೆಲವರು ಇಂಟರ್ನೆಟ್ ನೋಡಿಕೊಳ್ಳಿ ಎಂದು ಫೋನು ಇಡುತ್ತಿದ್ದರು. ಪುಟ ತೆರೆದರೆ ಗಳಿಗೆಯ ಕೆಲಸ. ಅವರು ಬೆಳಗನ್ನೆಲ್ಲ ಆ ಫೋನಿನ ರಾಗ ಕೇಳುತ್ತ ಕಳೆದರು. ಒಂದು ದಿನವಲ್ಲ, ಒಂದು ವರ್ಷವಲ್ಲ. ಜ್ವರವಿದ್ದಾಗಲೂ ಮಾಡಿದರು, ಗಂಡ ತೀರಿಕೊಂಡ ವಾರವೂ ಮಾಡಿದರು. ನೆನೆಸಿಕೊಂಡರೆ ನನಗೇ ಮೈ ದಣಿಯುತ್ತದೆ. ಕ್ಷಮೆ ಕೇಳಿ ಬರೆದ ಪತ್ರಕ್ಕೆ ಕಂಪನಿಯಿಂದ ಉತ್ತರ ಬರಲಿಲ್ಲ. ಅವರ ಬೆದರಿಕೆ ಇನ್ನೊಮ್ಮೆ ಬಂತು, ಆಮೇಲೆ ಅದೂ ನಿಂತಿತು. ತಾವು ಮಾಡಿದ್ದು ಕಾನೂನಿಗೆ ಸರಿಯೋ ತಪ್ಪೋ ಎಂದು ಅವರಿಗೆ ಯಾರೂ ಇವತ್ತಿನ ತನಕ ಹೇಳಿಲ್ಲ. ಒಮ್ಮೆ ನಾನೇ ಕೇಳಿದಾಗ, "ನಂಗೂ ಗೊತ್ತಿಲ್ಲ ದೋನ್ ಎಲೀಸೆಯೋ. ಸಹಿ ಹಾಕ್ಲಿಲ್ಲ, ಅಷ್ಟೇ ಗೊತ್ತು" ಎಂದಿದ್ದರು.

ಈಗ ಸಮುದ್ರದ ಅಡಿಯಲ್ಲಿ ತಂತಿ ಬಂದು ದ್ವೀಪಕ್ಕೆ ದಿನವಿಡೀ ಕರೆಂಟಿದೆ. ನನ್ನ ಮೋಟಾರು ತುಕ್ಕು ಹಿಡಿದು ಕೂತಿದೆ. ಪಟ್ಟಿ ಪರದೆಯ ಮೇಲೇ ಬರುತ್ತದೆ. ತಪ್ಪಿದ್ದರೆ ಯಾರೂ ಬೇಸರಪಡುವುದಿಲ್ಲ, ಬೇರೆ ಏನನ್ನೋ ನೋಡುತ್ತಾರೆ. ಕೊನೆಕೊನೆಗೆ ಒತೀಲಿಯಾ ಅವರ ಓದು ಬೇಕಾಗಿದ್ದದ್ದು ಕಣ್ಣು ಮಂಜಾದ ಒಬ್ಬಿಬ್ಬರಿಗೆ. ಆ ಒಬ್ಬಿಬ್ಬರಿಗಾಗಿಯೂ ಅವರು ಬೆಳಿಗ್ಗೆ ಕರೆ ಮಾಡುವುದನ್ನು ಬಿಟ್ಟಿರಲಿಲ್ಲ.

ಇಂಥ ಗ್ರಂಥಗಳಲ್ಲಿ ಸೇವೆ ಮುಂದುವರಿಯಲಿ ಎಂದು ಹಾರೈಸುವ ವಾಡಿಕೆಯಿದೆ. ಸಂದೇಶಗಳನ್ನು ಅವರು ಭಾನುವಾರವಾದರೂ ಬಂದು ಓದಲಿ ಎಂಬ ಆಸೆ ನಮ್ಮೆಲ್ಲರಿಗೂ ಇದೆ; ಆ ಫೋನು ಮಾತ್ರ ಇನ್ನು ಬೇರೆಯವರು ಹಿಡಿಯಲಿ. ಶ್ರೀಮತಿ ಒತೀಲಿಯಾ ಮಾನ್ಸೀಯಾ ಅವರಿಗೆ ದೇವರು ಬಹಳ ವರ್ಷ ಕೊಡಲಿ, ತಡವಾಗಿ ಏಳುವ ಬೆಳಗುಗಳನ್ನೂ ಕೊಡಲಿ. ಗುರುವಾರದ ದೋಣಿಗೆ ಬಂದ ಆರ್ತೇಮಿಯೋ ಮತ್ತೆ ಹೋಗಲಿಲ್ಲ. ಈಗ ತಾಯಿಯ ಮನೆಯಲ್ಲಿ ಭಾನುವಾರಗಳಲ್ಲಿ ಬಾರಿಸುತ್ತಾನೆ. ಒತೀಲಿಯಾ ಅವರು ಒಮ್ಮೆ ಕೆತ್ರಾನ್‌ಗೆ ಬರಬೇಕೆಂದು ಉಬಾಲ್ದಿನಾ ನನ್ನ ಕೈಲಿ ಹೇಳಿಕಳಿಸಿದ್ದಾಳೆ. ಎಷ್ಟು ಗಂಟೆಗೆ ಎಂದು ಕೇಳಿದೆ. ಅವರು ಬಂದಾಗ ಶುರು ಎಂದಳು.