ವೀರಗಲ್ಲಿನ ಸುತ್ತ ನಿಂತ ದನಗಳು

ದೆವ್ವ, ಶಾಪ, ಕಲ್ಲಿನ ಮಹಿಮೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಕಲ್ಲೋಳಿಯ ಹೊಲದಲ್ಲಿ ಕಂಡದ್ದನ್ನು ನೆನೆದರೆ ಮೈ ಉರಿಯುತ್ತದೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ.

ಅದು ಬ್ರಿಟಿಷರ ಕಾಲ. ಗೋಕಾಕದಲ್ಲಿ ಮಾಸ್ತರನಾಗಿದ್ದ ನನಗೆ ರಜೆ ಬಂದರೆ ಹಳ್ಳಿ ಹಳ್ಳಿ ತಿರುಗಿ ಹಳೆಯ ಶಾಸನ ಓದುವ ಹುಚ್ಚು. ಕಲ್ಲೋಳಿಯ ಗೌಡರೊಬ್ಬರ ಹೊಲದಲ್ಲಿ ಅರ್ಧ ಹೂತ ವೀರಗಲ್ಲೊಂದಿತ್ತು: ದನಗಳ ಹಿಂಡು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ವೀರ. ಬರಹವೆಲ್ಲ ಮಣ್ಣಿನೊಳಗೆ. ಅಗೆದು ನೋಡಲು ಅಪ್ಪಣೆ ಕೇಳೋಣವೆಂದು ಹೋದರೆ ಗೌಡರು ಆಗಲೇ ಅದನ್ನು ಕಿತ್ತು ಕೆಡವಿಸಿದ್ದರು. ಬಾವಿ ಕಟ್ಟಲು ಕಲ್ಲು ಬೇಕಿತ್ತಂತೆ!

"ಗೌಡ್ರ, ಇವನ ಹೆಸರು ಮಣ್ಣಾಗ ಮುಚ್ಚೈತ್ರಿ. ತೊಳದು ಓದೂತನಕಾ ತಡೀರಿ," ಎಂದು ಕೈಮುಗಿದೆ.

"ಸತ್ತಾಂವನ ಹೆಸರು ತಗೊಂಡು ಏನ್ ಮಾಡ್ತೀರಿ, ಮಾಸ್ತರ? ಹೊಲಾ ನಂದು, ಕಲ್ಲೂ ನಂದು."

ಕಲ್ಲಿಗೆ ಹಗ್ಗ ಬಿಗಿದು ಎತ್ತು ಹೂಡಿಸಿದರು. ಎತ್ತುಗಳು ಹೆಜ್ಜೆ ಕೀಳಲಿಲ್ಲ. ಬಾರುಕೋಲಿನ ಏಟಿಗೆ ಬೆನ್ನಲ್ಲಿ ರಕ್ತ ಒಸರಿದರೂ ಕದಲಲಿಲ್ಲ. ಅಷ್ಟರಲ್ಲಿ ಹಳ್ಳದ ದಂಡೆಗೆ ಮೇಯುತ್ತಿದ್ದ ಊರ ದನಗಳು ಒಂದೊಂದಾಗಿ ಬಂದು ಕಲ್ಲಿನ ಸುತ್ತ ನಿಂತವು. ಒಂದೂ ಕೂಗಲಿಲ್ಲ. ಮಟಮಟ ಮಧ್ಯಾಹ್ನ, ಅಲ್ಲಿದ್ದವರೆಲ್ಲ ಕಂಡರು.

"ತಮ್ಮಾ, ಬ್ಯಾಡೋ. ದನಾ ನೋಡಾಕತ್ತಾವು," ಎಂದಳು, ಹೊಲಕ್ಕೆ ಬುತ್ತಿ ತಂದಿದ್ದ ಗೌಡರ ಅಕ್ಕ.

ಆತ ಕೇಳಲಿಲ್ಲ. ಇನ್ನು ಅವನಿಗೆ ಬಹುವಚನವೇಕೆ? ಆಳುಗಳ ಕೈಗೆ ದೊಡ್ಡ ಸುತ್ತಿಗೆ ಕೊಟ್ಟ. ಅಡ್ಡ ಹೋದ ನನ್ನನ್ನು ರಟ್ಟೆ ಹಿಡಿದು ಎಳೆಸಿದ. ಕಲ್ಲು ಚೂರುಚೂರಾಯಿತು.

ಆಗ ಒಂದು ಮುದಿ ಆಕಳು ಮುಂದೆ ಬಂದು, ಕರುವನ್ನು ನೆಕ್ಕುವಂತೆ, ಒಂದು ತುಂಡಿಗೆ ಮೆತ್ತಿದ್ದ ಮಣ್ಣನ್ನು ನೆಕ್ಕತೊಡಗಿತು. ಅದು ಸರಿದ ಮೇಲೆ ಬಾಗಿ ನೋಡಿದೆ. ಹಳಗನ್ನಡದ ಅಕ್ಷರಗಳು ತೊಳೆದಿಟ್ಟಂತೆ ಕಂಡವು: 'ತುರುವಂ ಮಗುಳ್ಚಿ ಸತ್ತಂ.' ಕದ್ದೊಯ್ದ ದನಗಳನ್ನು ಮರಳಿಸಿ ಸತ್ತನು. ಯಾರು? ಹೆಸರಿದ್ದ ಭಾಗ ಸುತ್ತಿಗೆಯ ಕೆಳಗೆ ಪುಡಿಯಾಗಿತ್ತು.

ಕಲ್ಲಿನಲ್ಲಿ ಉಪ್ಪಿದ್ದೀತು ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ಅಲ್ಲಿಯೇ ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡಿದವನು ನಾನು. ಬರೀ ಮಣ್ಣು ಹತ್ತಿತು. ಹಾಗಾದರೆ ಅವು ಏತಕ್ಕೆ ಬಂದವು? ಬಲ್ಲವರಿದ್ದರೆ ಹೇಳಲಿ, ಕೇಳುತ್ತೇನೆ. ಉಪ್ಪಿನ ಮಾತು ಮಾತ್ರ ನನ್ನ ಮುಂದೆ ಆಡಬೇಡಿ.